ಕೊಟ್ಟೆ ಹೋಗಿ ಕ್ವಾರ್ಟರ್ ಬಂತು

ಸಾರಾಯಿ ಕೊಟ್ಟೆಯ ಮೂಲೆಯನ್ನು ಹಲ್ಲಿನಲ್ಲಿ ಕಚ್ಚಿ ಹರಿದು, ನಿಂತಲ್ಲೇ ಬಾಯಿಗೆ ಹಿಂಡಿಕೊಂಡು, ಖಾಲಿ ಕೊಟ್ಟೆಯನ್ನು ಗಟಾರಕ್ಕೆ ಎಸೆದು ಹೋಗಲು ಒಂದು ನಿಮಿಷ ಸಾಕಿತ್ತು. ತೊಂಬತ್ತರ ದಶಕದಲ್ಲಿ ಹೊನ್ನಾವರ ಬಂದರದ ಕಡೆ ಇದು ದಿನಾ ಕಾಣುವ ನೋಟ. ದೋಣಿಯಿಂದ ಇಳಿದವರ ಪಾಲಿನ ದುಡ್ಡು ಮನೆ ಮುಟ್ಟಬೇಕಾದರೆ ಅಂಗಡಿಯನ್ನು ದಾಟಬೇಕಿತ್ತು. ಹೆಂಗಸರು ಅಂಗಡಿಗಿಂತ ನಾಲ್ಕು ಮಾರು ಈಚೆಗೇ ನಿಂತು ಕಾಯುತ್ತಿದ್ದರು. ಜಗಳಕ್ಕಲ್ಲ, ಅಕ್ಕಿಯ ದುಡ್ಡನ್ನು ಮೊದಲು ಕೈಗೆ ಹಾಕಿಸಿಕೊಳ್ಳಲು. ಉಳಿದದ್ದು ಕುಡಿದು ಸಾಯಲಿ ಎಂಬಂತೆ ತಿರುಗಿ ನಡೆಯುತ್ತಿದ್ದರು. ಕುಡಿತ ಬಿಡಿಸಲಾಗದಿದ್ದರೂ ಅದರ ಹಾನಿಯನ್ನು ಒಂದಷ್ಟು ತಗ್ಗಿಸಬಹುದು ಎಂದು ತಜ್ಞರು ಈಗ ಹೇಳುವುದನ್ನು ಆ ಹೆಂಗಸರು ಆಗಲೇ ಮಾಡುತ್ತಿದ್ದರು.

2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ಬಂದಾಯಿತು. ಅಂಕೋಲೆಯ ಬಡಿಗೇರಿಯ ಜನಪದ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡ ಅದಕ್ಕೂ ಮೊದಲೇ ಹಾಲಕ್ಕಿ ಸಮುದಾಯದ ಹೆಂಗಸರನ್ನು ಕಟ್ಟಿಕೊಂಡು ಸಾರಾಯಿ ವಿರುದ್ಧ ನಿಂತಿದ್ದರು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂದದ್ದು ಹಾಡಿಗೆ. ನಮ್ಮ ಕಡೆಯವರಿಗೆ ಆ ಜಗಳವೂ ನೆನಪಿದೆ. ಆದರೆ ಕೊಟ್ಟೆ ಹೋದ ಜಾಗಕ್ಕೆ ಅಗ್ಗದ ವಿಸ್ಕಿಯ ಕ್ವಾರ್ಟರ್ ಬಂತು. ಗೋವಾ ಮಾಲು ಮೊದಲೂ ಬರುತ್ತಿತ್ತು, ಮತ್ತಷ್ಟು ಬಂತು. ಕುಡಿಯುವವನು ಅವನೇ, ಖರ್ಚು ಮಾತ್ರ ಹೆಚ್ಚು. ಬೆಳಗಿನ ಆರು ಗಂಟೆಗೇ ಬಾಗಿಲು ತೆರೆಯುವ ಅಂಗಡಿ ಹೋಯಿತಲ್ಲ, ಅಷ್ಟು ಲಾಭವನ್ನು ಒಪ್ಪಿಕೊಳ್ಳುತ್ತೇನೆ.

2013ರಲ್ಲಿ ಗುಟ್ಕಾ ನಿಷೇಧವಾದಾಗಲೂ ಇದೇ ಕತೆ. ಪಾನ್ ಮಸಾಲೆ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ, ಎರಡೂ ಒಂದೇ ದಾರಕ್ಕೆ ತೂಗಿದವು. ನಮ್ಮ ಮನೆ ಜಗುಲಿಯ ಎಲೆ ಅಡಿಕೆ ಕವಳದ ತಟ್ಟೆಯ ಸುದ್ದಿಯನ್ನಂತೂ ಯಾರೂ ಎತ್ತುವುದಿಲ್ಲ. ಬರೀ ಅಡಿಕೆಯೇ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪ್ರಕಟಿಸಿದೆ. ಅಡಿಕೆ ಬೆಳೆಯುವ ಜಿಲ್ಲೆಯಲ್ಲಿ ಇದನ್ನು ಹೇಳುವವರು ಯಾರು?

ಕಣ್ಣಿಗೆ ಕಾಣುವ ಕೆಲಸವಾದದ್ದು ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರ ಮದ್ಯವರ್ಜನ ಶಿಬಿರಗಳಿಂದ. ನಮ್ಮ ಕೇರಿಯ ಒಬ್ಬರನ್ನು ಅಂಥ ಶಿಬಿರಕ್ಕೆ ಸೇರಿಸಿ, ಮೂರನೇ ದಿನ ನೋಡಲು ಹೋಗಿದ್ದೆ. ಕಲ್ಯಾಣ ಮಂಟಪದ ಊಟದ ಹಾಲಿನಲ್ಲಿ ಸಾಲಾಗಿ ಗಂಡಸರು. ಚಹಾವನ್ನು ಅರ್ಧ ಲೋಟ ಮಾತ್ರ ಕೊಡುತ್ತಿದ್ದರು. ತುಂಬ ಕೊಟ್ಟರೆ ನಡುಗುವ ಕೈಯಿಂದ ಚೆಲ್ಲಿಹೋಗುತ್ತಿತ್ತು. ವರ್ಷಗಟ್ಟಲೆ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಎರಡು ಮೂರು ದಿನದೊಳಗೆ ಫಿಟ್ಸ್ ಬರಬಹುದು, ಇಲ್ಲದ್ದು ಕಾಣಿಸಬಹುದು, ಜೀವವೂ ಹೋಗಬಹುದು. ಹಿಂದೆ ಇದನ್ನೇ ಗಾಳಿ ಸೋಕಿದೆ ಎಂದು ನೋಟ ಹೇಳಿಸಲು ಒಯ್ಯುತ್ತಿದ್ದರು. ಇಲ್ಲಿ ಔಷಧಿ ಕೊಡುವವರಿದ್ದರು, ರಾತ್ರಿ ಎದ್ದು ನೋಡುವವರಿದ್ದರು.

ಭಜನೆ, ವ್ಯಾಯಾಮ, ಭಾಷಣಗಳಿಂದ ಕುಡಿತ ಬಿಡುತ್ತದೆಂದು ನನಗೇನೂ ನಂಬಿಕೆಯಿಲ್ಲ. ಶಿಬಿರದ ಎಂಟು ದಿನ ಮುಗಿದ ಮೇಲೆ, ಕುಡಿತ ಬಿಟ್ಟವರ ನವಜೀವನ ಸಮಿತಿ ನಡೆಸುವ ಸಭೆಯ ಮೇಲೆ ನಂಬಿಕೆ. ಯಾರು ಬಂದರು, ಯಾರು ತಪ್ಪಿಸಿಕೊಂಡರು ಎಂದು ಅಲ್ಲಿ ಕೇಳುತ್ತಾರೆ, ತಪ್ಪಿಸಿಕೊಂಡವನ ಮನೆಗೆ ಹೋಗುತ್ತಾರೆ. ನೂರು ದಿನ ಕುಡಿಯದಿದ್ದರೆ ಶತದಿನೋತ್ಸವ. ನಮ್ಮ ಕೇರಿಯವರ ಹೆಂಡತಿ ಹೇಳಿದ್ದು ಹೀಗೆ: “ತಮಾ, ಒಳಗೆ ಎಂಟು ದಿನ ಇರೂದು ದೊಡ್ಡದಲ್ಲ. ಒಂಬತ್ತನೇ ದಿನ ಅದೇ ದೋಸ್ತರು ಬಾಗಲಿಗೆ ಬಂದು ಕರೀತಾರಲ್ಲ, ಆಗ ಇವ್ರು ಏನ್ ಹೇಳ್ತಾರೆ ಅಂಬುದೇ ಪ್ರಶ್ನೆ.” ಅವರ ಗಂಡ ಒಮ್ಮೆ ಜಾರಿದರು. ಸಮಿತಿಯವರು ಬಂದು ಮತ್ತೆ ಕರೆದೊಯ್ದರು. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ, ಕುಡಿತದ ಚಟಕ್ಕೆ ಬಿದ್ದ 38 ಜನರಲ್ಲಿ ಒಬ್ಬರಿಗಷ್ಟೇ ಏನಾದರೂ ಚಿಕಿತ್ಸೆ ಸಿಕ್ಕಿತ್ತು. ಆ ಒಬ್ಬರಲ್ಲಿ ಇವರೂ ಸೇರಿದರು.

ಈಗಿನ ಹೆದರಿಕೆ ಗಾಂಜಾದ್ದು. ಮೊದಲು ಅದು ಗೋಕರ್ಣದ ಬೈರಾಗಿಗಳದ್ದು, ಆಮೇಲೆ ಕುಡ್ಲೆ, ಓಂ ಬೀಚಿನ ವಿದೇಶಿಯರದ್ದು. ನಮ್ಮದಲ್ಲ ಎಂದು ಆರಾಮಾಗಿದ್ದೆವು. ಈಗ ಭಟ್ಕಳದಲ್ಲೂ ಕುಮಟೆಯಲ್ಲೂ ಕಾಲೇಜು ಹುಡುಗರ ಜೇಬಿನಲ್ಲಿ ಸಿಗುತ್ತದೆ. ಸೇದಿದವನ ಮೇಲೂ ಕೇಸು: ಆರು ತಿಂಗಳವರೆಗೆ ಜೈಲು, ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಭಟ್ಕಳದಂಥ ಊರಲ್ಲಿ ಜೈಲಿಗಿಂತ ದೊಡ್ಡ ಹೆದರಿಕೆ ಪಾಸ್‌ಪೋರ್ಟಿನದು. ಪೊಲೀಸ್ ದಾಖಲೆಯಲ್ಲಿ ಹೆಸರು ಬಂದರೆ ದುಬೈಗೆ ದುಡಿಯಲು ಹೋಗುವ ದಾರಿ ಮುಚ್ಚೀತೆಂದು ಮನೆಯವರು ಹುಡುಗನ ಚಟವನ್ನೇ ಮುಚ್ಚಿಡುತ್ತಾರೆ. ಮಾರುವವನಿಗೆ ಇದಕ್ಕಿಂತ ಅನುಕೂಲ ಬೇಕೇ!

1985ರ ಮಾದಕ ವಸ್ತು ಕಾಯ್ದೆಯಲ್ಲೇ 64ಎ ಎಂಬ ಕಲಮಿದೆ. ಚಟಕ್ಕೆ ಬಿದ್ದವನು ತಾನಾಗಿ ಬಂದು ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದರೆ ಸೇವನೆಗಾಗಿ ಅವನ ಮೇಲೆ ಮೊಕದ್ದಮೆ ಇಲ್ಲ. ಚಿಕಿತ್ಸೆ ಪೂರ್ತಿ ಮಾಡಬೇಕು, ಅಷ್ಟೇ. ಮಾದಕ ವಸ್ತು ವಿರೋಧಿ ದಿನ ಬಂತೆಂದರೆ ಕಾಲೇಜುಗಳಲ್ಲಿ ಪ್ರತಿಜ್ಞೆ ಮಾಡಿಸುತ್ತಾರೆ, ಜಾಥಾ ತೆಗೆಯುತ್ತಾರೆ, ಶಿಕ್ಷೆಯ ಪಟ್ಟಿ ಓದುತ್ತಾರೆ. ನಾನು ಕೂತು ಕೇಳಿದ ಸಭೆಗಳಲ್ಲಿ ಈ ಕಲಮನ್ನು ಯಾರೂ ಓದಿದ್ದಿಲ್ಲ.

ರಾಜ್ಯ ಸರ್ಕಾರದ ಮನೋಚೈತನ್ಯ ಯೋಜನೆಯಲ್ಲಿ ಮಂಗಳವಾರ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಏರ್ಪಾಡಿದೆ. ಚಟ ಬಿಡಲು ನೆರವಾಗುವ 14446 ಎಂಬ ಉಚಿತ ಸಹಾಯವಾಣಿಯೂ ಇದೆ. ಆದರೆ ತಾಲೂಕು ಆಸ್ಪತ್ರೆಯ ಚೀಟಿ ಮಾಡಿಸುವ ಸಾಲಿನಲ್ಲಿ ನಿಂತವರೆಲ್ಲ ನೆಂಟರು, ಇಲ್ಲವೇ ನೆರೆಯವರು. ಹಾಗಾಗಿ ಕುಮಟೆಯ ತಾಯಿ ಮಗನನ್ನು ಹೊನ್ನಾವರಕ್ಕೆ ಕರೆತರುತ್ತಾಳೆ, ಹೊನ್ನಾವರದವಳು ಭಟ್ಕಳಕ್ಕೆ ಬಸ್ಸು ಹತ್ತುತ್ತಾಳೆ, ಕೈಯಲ್ಲಿ ನಾಲ್ಕು ಕಾಸಿದ್ದವರು ಸೀದಾ ಮಣಿಪಾಲಕ್ಕೆ ಹೋಗುತ್ತಾರೆ. ಔಷಧಿ ತಂದ ಮೇಲೆ, ಮುಂದಿನ ವಾರ ಹುಡುಗ ಏನು ಮಾಡುತ್ತಿದ್ದಾನೆಂದು ಬಾಗಿಲಿಗೆ ಬಂದು ಕೇಳುವ ಸಮಿತಿ ಇವರಿಗೆ ಇನ್ನೂ ಆಗಿಲ್ಲ.