ಹಕ್ಕರಕಿ ಸಿಕ್ಕಿತು, ನೀನೂ ಬರಬೇಕಿತ್ತು

ಹುಬ್ಬಳ್ಳಿ, ಜನವರಿ

ಪ್ರೀತಿಯ ಗೆಳತಿ,

ಮೊನ್ನೆ ಫೋನಿನಲ್ಲಿ ನೀನು "ಈಗ ಊಟ ಅಂದ್ರ ನನಗ ಲೆಕ್ಕಾ ಮಾಡೋ ಕೆಲಸ ಆಗೇದ" ಅಂದೆಯಲ್ಲ, ಆ ಮಾತು ಮನಸ್ಸಿಗೆ ನಾಟಿತು. ಬೆಳಿಗ್ಗೆ ಓಟ್ಸ್, ಮಧ್ಯಾಹ್ನ ಉಪ್ಪು ಖಾರವಿಲ್ಲದೆ ಬೇಯಿಸಿದ ತರಕಾರಿ, ರಾತ್ರಿ ಡಬ್ಬಿಯ ಪುಡಿ ಕದಡಿದ ನೀರು. ಮನೆಯವರೆಲ್ಲ ಊಟಕ್ಕೆ ಕೂತರೆ ನೀನು ಬೇರೆ ಕೋಣೆಯಲ್ಲಿ. ಸಕ್ಕರೆ ಕಾಯಿಲೆ ಬಂದಿದೆ, ಎಚ್ಚರ ಬೇಕೇ ಬೇಕು. ಆದರೆ ನಿನ್ನ ದನಿಯಲ್ಲಿದ್ದದ್ದು ಎಚ್ಚರವಲ್ಲ, ಅಂಜಿಕೆ. ನೀನು ಅನ್ನಕ್ಕೆ ಅಂಜುವುದನ್ನು ನೋಡಿಕೊಂಡು ಸುಮ್ಮನಿರಲು ನನಗೆ ಆಗುತ್ತಿಲ್ಲ. ಫೋನಿನಲ್ಲಿ ಹೇಳಿದರೆ ಮಾತು ತಿರುಗಿಸಿಬಿಡುತ್ತೀ, ಅದಕ್ಕೆ ಕಾಗದ ಬರೆಯುತ್ತಿದ್ದೇನೆ.

ಈ ಮಂಗಳವಾರ ನಾವು ಮೂವರು ಗೆಳತಿಯರು ಧಾರವಾಡದ ಸಂತೆಗೆ ಹೋಗಿದ್ದೆವು. ಗದಗಿನವಳು ನಸುಕಿನಲ್ಲೇ ಬಸ್ ಹತ್ತಿದ್ದಳು, ಬೈಲಹೊಂಗಲದವಳು ಮಗನ ಗಾಡಿಯಲ್ಲಿ ಬಂದಳು, ನಾನು ಇಲ್ಲಿಂದ ಚಿಗರಿ ಬಸ್ಸಿನಲ್ಲಿ ಹೋದೆ. ಗದಗಿನವಳಿಗೂ ನಿನ್ನ ಕಾಯಿಲೆಯೇ, ನಿನಗಿಂತ ಹಳೆಯದು. ಬೈಲಹೊಂಗಲದವಳಿಗೆ ಮೊಣಕಾಲಿನ ಮೇಲಿನ ಭಾರ ಇಳಿಸಬೇಕಾಗಿದೆ. ನನಗೆ ಬಿಪಿ. ಎಲ್ಲರೂ ಊಟ ಸುಧಾರಿಸಬೇಕಾದವರೇ. ಮನೆಯಲ್ಲಿ ಒಬ್ಬೊಬ್ಬರೇ ಒದ್ದಾಡುವ ಬದಲು ಒಂದು ದಿನ ಕೂಡಿ ಹೋಗಿ ಒಳ್ಳೆಯದನ್ನು ಆರಿಸಿ ತರೋಣ, ಅಲ್ಲೇ ಕೂಡಿ ಉಣ್ಣೋಣ ಎಂದು ಮಾತಾಗಿತ್ತು.

ಸಂತೆಯ ನಡುವೆ ತಾಡಪತ್ರಿ ಕಟ್ಟಿ, ಟೊಮೆಟೊ ಬಟಾಟಿ ಗುಡ್ಡೆ ಹಾಕಿದವರು ಬಹುಪಾಲು ವ್ಯಾಪಾರಸ್ಥರು. ಹೊಲದವರನ್ನು ನೋಡಬೇಕೆಂದರೆ ಅಂಚಿಗೆ ಹೋಗಬೇಕು. ಒಂದು ಗೋಣಿತಟ್ಟು, ಅದರ ಮೇಲೆ ಎರಡೋ ಮೂರೋ ಜಿನಸು, ಅಷ್ಟೇ. ಸೌತೆಕಾಯಿ ಒಂದೇ ಅಳತೆಯವಲ್ಲ, ಮೂಲಂಗಿಗೆ ಮಣ್ಣು ಅಂಟಿಕೊಂಡೇ ಇರುತ್ತದೆ. ತಂದದ್ದು ತೀರಿದ ಕೂಡಲೆ ಎದ್ದು ಬಸ್ಸಿಗೆ ಓಡುವ ಜನ, ಮಧ್ಯಾಹ್ನ ಹೋದರೆ ಸಿಗುವುದಿಲ್ಲ. ನವಲೂರಿನ ಹೆಣ್ಣುಮಕ್ಕಳು ಬುಟ್ಟಿ ತುಂಬ ಪೇರಲ ಇಟ್ಟುಕೊಂಡು ಕೂತಿದ್ದರು. ಕಡಲೆ ಪಲ್ಲೆ, ಎಳೆ ಮೆಂತ್ಯ, ಪುಂಡಿ, ಸುಲಗಾಯಿ, ಎಲ್ಲವೂ ಇತ್ತು. ಬೈಲಹೊಂಗಲದವಳಂತೂ ಪುಂಡಿ ಪಲ್ಲೆಯನ್ನು ಎದೆಗವಚಿಕೊಂಡು ನಿಂತುಬಿಟ್ಟಳು.

ಆಮೇಲೆ ಹಕ್ಕರಕಿ ಕಣ್ಣಿಗೆ ಬಿತ್ತು. ನೆಲಕ್ಕೆ ಅಂಟಿಕೊಂಡು ಬೆಳೆಯುವ ಆ ಸೊಪ್ಪು ನಿನಗೆ ನೆನಪಿರಬೇಕು. ಮಾರುತ್ತಿದ್ದ ಮುದುಕಿ ಬೇರಿನ ತುದಿಯನ್ನು ಉಗುರಿನಿಂದ ಚಿವುಟಿ, ಹಳದಿಯಾದ ಹೊರ ಎಲೆ ಕಿತ್ತು, ಸೆರಗಿನಲ್ಲಿ ಒರೆಸಿ ನನ್ನ ಕೈಗೆ ಒಂದೆಲೆ ಕೊಟ್ಟಳು. ಚಿವುಟಿದ ಜಾಗದಲ್ಲಿ ಹಾಲು ಜಿನುಗಿತ್ತು. ಮೊದಲು ಒಂದಿಷ್ಟು ಕಹಿ, ಆಮೇಲೆ ನಾಲಿಗೆಯ ಮೇಲೆ ತಣ್ಣನೆಯ ಹಸಿರು ರುಚಿ. "ಎಲ್ಲಾ ಹೊಲದಾಗ ಸಿಗೂದಿಲ್ರಿ ಈಗ. ಕಸಕ್ಕ ಎಣ್ಣಿ ಹೊಡದಲ್ಲಿ ಇದೂ ಸಾಯತೈತಿ" ಎಂದಳು. ಬಿತ್ತಿ ಬೆಳೆಯುವ ಸೊಪ್ಪಲ್ಲ ಅದು, ಜೋಳದ ಸಾಲಿನ ನಡುವೆ ತಾನಾಗಿ ಬರುವ ಕಳೆ. ಅದು ಕಂಡರೆ ಆ ಹೊಲಕ್ಕೆ ಕಳೆನಾಶಕ ಬಿದ್ದಿಲ್ಲ ಎಂದು ಬಹುಮಟ್ಟಿಗೆ ನಂಬಬಹುದು. ಯಾವ ಸರ್ಟಿಫಿಕೇಟಿಗಿಂತಲೂ ಆ ಮುದುಕಿಯ ಮಾತು ನನಗೆ ದೊಡ್ಡದು. ಇದ್ದಷ್ಟೂ ಕಟ್ಟು ಕೊಂಡೆವು.

ಸಂತೆಯ ಜೋಳದ ಸಾಲಿನಲ್ಲಿ ಗದಗಿನವಳೇ ನಮಗೆ ಗುರು. ಬೊಗಸೆಯಲ್ಲಿ ಎತ್ತಿ, ಊದಿ, ಒಂದು ಕಾಳು ಕಡಿದು ನೋಡಿ "ಇದು ಮಾಲದಂಡಿ, ಹೋದ ಹಿಂಗಾರಿಂದು" ಎಂದಳು. ಕಪ್ಪು ಮಣ್ಣು ಹಿಡಿದಿಟ್ಟ ತೇವದಲ್ಲೇ, ಮಳೆ ಮುಗಿದ ಮೇಲೆ ಬೆಳೆಯುವ ಜೋಳ ಅದು. ಮುತ್ತಿನ ಹೊಳಪು. ಒಳ್ಳೆಯ ಬಿಳಿಜೋಳದ ದರ ಈಗ ಸಾಧಾರಣ ಅಕ್ಕಿಯ ದರವನ್ನು ಮೀರುವುದುಂಟು. ಬಡವರ ಊಟ ಎನ್ನಿಸಿಕೊಂಡಿದ್ದ ರೊಟ್ಟಿ ಬಡವರ ಕೈಗೇ ಎಟುಕದಂತಾಗುತ್ತಿರುವುದು ನನಗೆ ನೋವಿನ ಸಂಗತಿ. ಇನ್ನೂ ಒಂದು ಮಾತು, ಇದು ಸಂತಸದ್ದು. ನಮ್ಮ ಕುಂದಗೋಳ ತಾಲ್ಲೂಕಿನ ತೀರ್ಥ ಗ್ರಾಮದ ಬೀಬಿ ಫಾತಿಮಾ ಸ್ವಸಹಾಯ ಸಂಘದ ಹೆಣ್ಣುಮಕ್ಕಳಿಗೆ ಸಿರಿಧಾನ್ಯದ ಕೆಲಸಕ್ಕಾಗಿ 2025ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಬಂತು. ಸಾವಿ, ನವಣಿ ಎಂದರೆ ಮೂಗು ಮುರಿಯುತ್ತಿದ್ದ ಕಾಲದಲ್ಲೂ ನಮ್ಮ ಸೀಮೆಯ ಹೆಂಗಸರು ಆ ಬೀಜ ಉಳಿಸಿಕೊಂಡು ಬಂದವರು. ನಿನ್ನ ಅವ್ವನೂ ಗಡಿಗೆಯಲ್ಲಿ ಬೂದಿ ಬೆರೆಸಿ ಬೀಜ ಇಡುತ್ತಿದ್ದಳಲ್ಲ.

ಈಗ ನಿನ್ನ ಲೆಕ್ಕದ ಮಾತಿಗೆ ಬರುತ್ತೇನೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ತಂದ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ಜೋಳದಲ್ಲಿ ನಾರು ಸುಮಾರು 10 ಗ್ರಾಂ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಮಿಗೂ ಕಡಿಮೆ. ಅದೇ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ದಿನಕ್ಕೆ 400 ಗ್ರಾಂ ತರಕಾರಿ, 100 ಗ್ರಾಂ ಹಣ್ಣು ಇರಲಿ, ತಾಟಿನ ಅರ್ಧ ಅದೇ ತುಂಬಲಿ ಎಂದಿದೆ. ನೀನು ಬೆಳೆದ ಮನೆಯ ತಾಟನ್ನು ಕಣ್ಣ ಮುಂದೆ ತಂದುಕೋ. ಒಂದು ಕಡೆ ರೊಟ್ಟಿ, ಉಳಿದ ಕಡೆಯೆಲ್ಲ ಕಾಳುಪಲ್ಲೆ, ಸೊಪ್ಪಿನ ಪಲ್ಲೆ, ಹಸಿ ಮೆಂತ್ಯ, ಮೂಲಂಗಿ, ಸೌತೆಕಾಯಿ, ಗುರೆಳ್ಳು ಚಟ್ನಿ, ಮೊಸರು. ಅನ್ನ ಕೊನೆಗೆ, ಒಂದು ತುತ್ತು. ತರಕಾರಿ ಮತ್ತು ಕಾಳನ್ನು ಮೊದಲು ಉಂಡು ಪಿಷ್ಟವನ್ನು ಕೊನೆಗಿಟ್ಟರೆ ರಕ್ತದ ಸಕ್ಕರೆ ಏರುವುದು ತಗ್ಗುತ್ತದೆ ಎಂದು ಈಗ ಸಂಶೋಧಕರೂ ಹೇಳುತ್ತಾರೆ.

ಹಾಗಂತ ಜೋಳ ಔಷಧಿ ಎಂದು ನಾನು ಹೇಳುವುದಿಲ್ಲ, ಹಾಗೆ ಹೇಳಿ ಮಾರುವವರ ಮಾತನ್ನು ನೀನೂ ನಂಬಬೇಡ. ರೊಟ್ಟಿಯೂ ಸಕ್ಕರೆ ಏರಿಸುತ್ತದೆ, ಅಳತೆ ಇರಲೇಬೇಕು. ಮಾತ್ರೆ ಬಿಡಬೇಡ, ತಪಾಸಣೆ ತಪ್ಪಿಸಬೇಡ. ನಾನು ಬೇಡ ಎನ್ನುತ್ತಿರುವುದು ಬೇರೆ ಕೋಣೆಯನ್ನು.

ಮಧ್ಯಾಹ್ನ ಒಂದು ಖಾನಾವಳಿಗೆ ಹೋದೆವು. ನಮ್ಮ ಹಕ್ಕರಕಿ, ಮೆಂತ್ಯವನ್ನು ಅವರೇ ತೊಳೆದು ತಾಟಿಗೆ ತಂದಿಟ್ಟರು. ಒಲೆಯ ಮುಂದೆ ಕೂತಾಕೆ ಕುದಿಯುವ ಎಸರು ಹೊಯ್ದು ಹಿಟ್ಟು ನಾದುತ್ತಿದ್ದಳು. ಜೋಳದಲ್ಲಿ ಗೋಧಿಯ ಅಂಟಿಲ್ಲ, ಬಿಸಿನೀರು ಬಿದ್ದರೇ ಅದಕ್ಕೆ ಜಿಗಿ ಬರುವುದು. ಬಡಿದ ರೊಟ್ಟಿಯನ್ನು ಹಂಚಿಗೆ ಹಾಕಿ, ಮೇಲೆ ಒದ್ದೆ ಬಟ್ಟೆ ಆಡಿಸಿ, ತಿರುವಿ, ಉಬ್ಬಿದ ಕೂಡಲೆ ನೇರ ನಮ್ಮ ತಾಟಿಗೆ. ಗದಗಿನವಳು ಒಂದೂವರೆ ರೊಟ್ಟಿಗೆ ಕೈ ತಡೆದಳು. ಉಳಿದ ಅರ್ಧ ನನಗೆ ಬಂತು. ಎಣಗಾಯಿ, ಹೆಸರುಕಾಳು, ಹಸಿ ಸೊಪ್ಪು ಮಾತ್ರ ಅವಳು ಮತ್ತೆ ಮತ್ತೆ ಹಾಕಿಸಿಕೊಂಡಳು. ಅವಳ ಮುಖದಲ್ಲಿ ಯಾವ ಕೊರತೆಯೂ ಇರಲಿಲ್ಲ. ಮಾತಿನ ನಡುವೆ ನಿಧಾನ ಅಗಿದಳು, ಹೊಟ್ಟೆ ತುಂಬಿತು ಎಂದಳು, ಎದ್ದಳು. ಒಬ್ಬಳೇ ಕೂತರೆ ಇಷ್ಟು ನಿಧಾನ ಉಣ್ಣುವುದು ಆಗುವುದಿಲ್ಲ ಎಂದು ಅವಳೇ ಹೇಳಿದಳು. ಒಂಟಿ ಊಟದಲ್ಲಿ ಮನಸ್ಸೆಲ್ಲ ತಾಟಿನ ಮೇಲೇ ಇರುತ್ತದೆ ಗೆಳತಿ, ತಿಂದದ್ದೂ ಭಯ, ಬಿಟ್ಟದ್ದೂ ಭಯ.

ಊಟದ ನಂತರ ನಮ್ಮ ಕರ್ನಾಟಕ ಕಾಲೇಜಿನ ಮರಗಳ ಕೆಳಗೆ ಒಂದು ಸುತ್ತು ನಡೆದೆವು. ಉಂಡ ಮೇಲಿನ ನಡಿಗೆಯೂ ಸಕ್ಕರೆಗೆ ಒಳ್ಳೆಯದೇ. ಪೇಡೆ ಅಂಗಡಿಯ ಮುಂದೆ ಹಾಯುವಾಗ ಒಂದೇ ಒಂದು ಪೇಡೆ ಕೊಂಡು ಮೂವರೂ ಹಂಚಿಕೊಂಡೆವು. ಧಾರವಾಡಕ್ಕೆ ಬಂದು ಪೇಡೆಯನ್ನು ಪೂರ್ತಿ ಬಿಡುವುದು ನಮ್ಮಿಂದ ಆಗದು, ಆಗಬೇಕಾಗಿಯೂ ಇಲ್ಲ.

ನಿನಗೆ ಗುರೆಳ್ಳು ಮತ್ತು ಅಗಸಿ ಚಟ್ನಿಪುಡಿ ಕೊರಿಯರಿನಲ್ಲಿ ಕಳಿಸಿದ್ದೇನೆ, ಉಪ್ಪು ಕಡಿಮೆ ಹಾಕಿದ್ದೇನೆ. ಜೋಳದ ಹಿಟ್ಟು ಕಳಿಸಿಲ್ಲ, ಹಳತಾದರೆ ರೊಟ್ಟಿ ಹರಿಯುತ್ತದೆ, ಅಲ್ಲೇ ಸ್ವಲ್ಪ ಸ್ವಲ್ಪ ಬೀಸಿಸಿಕೋ. ಇನ್ನು ಕೆಲವೇ ದಿನಕ್ಕೆ ಹೊಲದಲ್ಲಿ ಎಳೆ ಜೋಳದ ಸೀತನಿ ಸುಡುವ ಕಾಲ. ಬೈಲಹೊಂಗಲದವಳ ಹೊಲದಲ್ಲಿ ತೆನೆ ಹಾಲು ತುಂಬುತ್ತಿದೆಯಂತೆ. ನೀನಿರುವ ಪುಣೆಯಿಂದ ಹುಬ್ಬಳ್ಳಿಗೆ ಈಗ ವಂದೇ ಭಾರತ್ ರೈಲೇ ಇದೆ. ಸೋಮವಾರ ರಾತ್ರಿಗೆ ನನ್ನ ಮನೆಗೆ ಬಾ, ಮಂಗಳವಾರ ಸಂತೆ, ಬುಧವಾರ ಹೊಲ. ಮಾತ್ರೆಯ ಚೀಲ ಮರೆಯದೆ ತಾ, ಪುಡಿಯ ಡಬ್ಬಿ ಅಲ್ಲೇ ಬಿಡು. ಯಾವ ವಾರ ಎಂದು ಬೇಗ ತಿಳಿಸು, ಗದಗಿನವಳು ಬಸ್ಸಿಗೆ ಮುಂಚಿತವಾಗಿ ಸೀಟು ಹಿಡಿಯಬೇಕು.

ನಿನ್ನ ಹುಬ್ಬಳ್ಳಿಯವಳು