ಹೇಳಿದಷ್ಟೇ ಮಾಡುವ ಆಳು

ನಾನು ಬಾಲಕನಾಗಿದ್ದಾಗ ನಮ್ಮ ಭೂಸನೂರಿಗೆ ಬರುತ್ತಿದ್ದ ಕಾಗದಗಳು ಹೆಚ್ಚಿರಲಿಲ್ಲ. ಅಂಚೆಯವನು ಅವುಗಳನ್ನು ಕಟ್ಟೆಯ ಮೇಲೆ ಹರಡಿಕೊಂಡು ಓಣಿಓಣಿಗೆ ವಿಂಗಡಿಸುತ್ತಿದ್ದನು. ವಿಳಾಸ ಅರೆಬರೆಯಾಗಿದ್ದರೂ ಕಾಗದವು ಸೇರಬೇಕಾದ ಮನೆಯನ್ನೇ ಸೇರುತ್ತಿತ್ತು. ಏಕೆಂದರೆ ಅವನಿಗೆ ಊರೆಲ್ಲ ಗೊತ್ತಿತ್ತು. 1972ರ ಆಗಸ್ಟ್ 15ರಂದು ದೇಶದಲ್ಲಿ ಪಿನ್‌ಕೋಡ್ ಜಾರಿಗೆ ಬಂದಿತು. ಅದರ ಆರು ಅಂಕಿಗಳಲ್ಲಿ ಮೊದಲ ಮೂರು ವಿಂಗಡಣೆಯ ಜಿಲ್ಲೆಯನ್ನೂ, ಕೊನೆಯ ಮೂರು ಅಂಚೆ ಕಚೇರಿಯನ್ನೂ ಸೂಚಿಸುತ್ತವೆ. ಊರನ್ನೇ ನೋಡದವನು ಕೂಡ ಅಂಕಿ ನೋಡಿ ಕಾಗದವನ್ನು ಅದರ ದಾರಿಗೆ ಹಚ್ಚುವಂತಾಯಿತು.

ನಿವೃತ್ತನಾದ ಮೇಲೆ ನನಗೆ ಇ-ಮೇಲ್‌ನ ಪರಿಚಯವಾಯಿತು. 1971ರಲ್ಲಿ ಅಮೆರಿಕದ ರೇ ಟಾಮ್ಲಿನ್‌ಸನ್ ಎಂಬವರು ಒಂದು ಗಣಕದಿಂದ ಇನ್ನೊಂದಕ್ಕೆ ಜಾಲದ ಮೂಲಕ ಪತ್ರ ಕಳುಹಿಸುವ ಬಗೆಯನ್ನು ಕಂಡುಹಿಡಿದರು. ಏಳೇ ವರ್ಷಗಳಲ್ಲಿ, 1978ರಲ್ಲಿ, ಯಾರೂ ಬೇಡದ ಜಾಹೀರಾತೊಂದು ಅದೇ ದಾರಿಯಲ್ಲಿ ನೂರಾರು ಜನರಿಗೆ ಹೋಯಿತು! ಅಂದಿನಿಂದ ಕಾಳಿನೊಡನೆ ಜೊಳ್ಳೂ ಬರುತ್ತಲೇ ಇದೆ. ಅದನ್ನು ಕೇರುವ ಮೊರವೇ ತಂತ್ರಾಂಶದ ನಿಯಮ. ‘ಇಂಥ ಪದವಿದ್ದರೆ ಹೀಗೆ ಮಾಡು’ ಎಂದು ಒಮ್ಮೆ ಬರೆದಿಟ್ಟರೆ ಸಾಕು. ವ್ಯಾಕರಣ ಕಲಿಸಿದ ನನಗೆ ‘ಇದ್ದರೆ’, ‘ಬಂದರೆ’ ಎಂಬ ಪಕ್ಷಾರ್ಥಕ ರೂಪಗಳು ಹೊಸವೇನಲ್ಲ.

ನನಗೆ ದಿನವೂ ಸಾಲ ಕೊಡುವೆವೆಂಬ ಪತ್ರಗಳು ಬರುತ್ತಿದ್ದವು. ಬೇಸತ್ತು, ‘ವಿಷಯದಲ್ಲಿ ಸಾಲ ಎಂಬ ಪದವಿದ್ದರೆ ಕಸದ ಬುಟ್ಟಿಗೆ ಹಾಕು’ ಎಂದು ನಿಯಮ ಬರೆದೆನು. ಪೆಟ್ಟಿಗೆ ಹಸನಾಯಿತು. ನಾನು ಹಿಗ್ಗಿದೆನು.

ಕೆಲವು ತಿಂಗಳ ತರುವಾಯ ಆಳಂದದ ಬಸ್ ನಿಲ್ದಾಣದಲ್ಲಿ ಹಳೆಯ ಶಿಷ್ಯೆಯೊಬ್ಬಳು ಭೆಟ್ಟಿಯಾದಳು. ತಂದೆಯಿಲ್ಲದ ಹುಡುಗಿ, ಓದಿನಲ್ಲಿ ಮುಂದು. “ಕಾಲೇಜು ಸೇರಿದೆಯೇನವ್ವಾ?” ಎಂದೆನು.

“ಇಲ್ಲರಿ ಗುರುಗಳೇ. ಶಿಕ್ಷಣ ಸಾಲಕ್ಕೆ ಜಾಮೀನು ನಿಲ್ಲಬೇಕೆಂದು ನಿಮಗೆ ಬರೆದಿದ್ದೆ. ಉತ್ತರ ಬರಲಿಲ್ಲ. ನಿಮಗೆ ಮನಸ್ಸಿಲ್ಲವೆಂದು ತಿಳಿದು ಮತ್ತೆ ಕೇಳಲಿಲ್ಲ” ಎಂದಳು. ಮಾತಿನಲ್ಲಿ ದೂರಿರಲಿಲ್ಲ, ಅದೇ ನನ್ನನ್ನು ಹೆಚ್ಚು ಚುಚ್ಚಿತು.

ಮನೆಗೆ ಬಂದು ಬುಟ್ಟಿಯನ್ನೆಲ್ಲ ಹುಡುಕಿದೆನು. ಮೂವತ್ತು ದಿನಕ್ಕೊಮ್ಮೆ ತಾನೇ ಬರಿದಾಗುವ ಬುಟ್ಟಿಯದು. ಅವಳ ಪತ್ರ ಅಳಿಸಿಹೋಗಿತ್ತು. ಅದನ್ನು ನಾನು ಇಂದಿಗೂ ಓದಿಲ್ಲ.

ತಪ್ಪು ಯಂತ್ರದ್ದಲ್ಲ, ಆ ಆಳು ಹೇಳಿದಷ್ಟನ್ನೇ ಮಾಡಿತು. ಸಾಲ ಕೊಡುವೆನೆಂಬವನಿಗೂ, ಸಾಲ ಬೇಕಾಗಿ ಕೈಯೊಡ್ಡಿದವಳಿಗೂ ಇರುವ ಅಂತರವನ್ನು ನಾನು ಅದಕ್ಕೆ ಹೇಳಿರಲಿಲ್ಲ. ನಮ್ಮ ಅಂಚೆಯವನಿಗೆ ಅದನ್ನು ಹೇಳಬೇಕಾಗಿಯೂ ಇರಲಿಲ್ಲ.

ನಿಯಮಗಳನ್ನು ನಾನು ಕೈಬಿಟ್ಟಿಲ್ಲ, ತಿದ್ದಿದ್ದೇನೆ. ಪರಿಚಿತರ ಪತ್ರ ನೇರವಾಗಿ ನನ್ನೆದುರಿಗೆ ಬರಲೆಂಬುದು ಈಗ ಮೊದಲನೆಯ ನಿಯಮ. ಸಂಶಯದ ಪತ್ರಗಳು ಬುಟ್ಟಿಗೆ ಹೋಗದೆ ಬೇರೊಂದು ಕಡತದಲ್ಲಿ ನಿಲ್ಲುತ್ತವೆ. ಭಾನುವಾರ ಅವುಗಳ ಮೇಲೆ ನಾನೇ ಕಣ್ಣಾಡಿಸುತ್ತೇನೆ.

ಮರುವರ್ಷ ಆ ಹುಡುಗಿಗೆ ಜಾಮೀನು ನಿಂತೆನು. ಅವಳು ಕಾಲೇಜು ಸೇರಿದಳು. ಆದರೆ ಕಳೆದುಹೋದ ಆ ಒಂದು ವರ್ಷವನ್ನು ಮರಳಿ ತರುವ ನಿಯಮವನ್ನು ಬರೆಯಲು ನನಗೆ ಬರುವುದಿಲ್ಲ.