ಬಾಗಿಲು ಮುಚ್ಚಿರಲಿಲ್ಲ

ಹಳ್ಳಿಯ ಮನೆಗಳಲ್ಲಿ ಹಗಲು ಹೊತ್ತಿನಲ್ಲಿ ಬಾಗಿಲು ಮುಚ್ಚುವ ಪದ್ಧತಿಯೇ ಇಲ್ಲ. ಮುಚ್ಚಿದ್ದರೆ ಅಕ್ಕಪಕ್ಕದವರು ‘ಏನಾಯಿತೋ’ ಎಂದು ಓಡಿ ಬರುತ್ತಾರೆ. ಆ ಮನೆಯಲ್ಲಂತೂ ಜಗಲಿಯ ಮೇಲೆ ಒಬ್ಬ ಅಜ್ಜಿ ಬೆಳಗಿನ ಕಾಫಿಯಿಂದ ಸಂಜೆಯ ದೀಪದವರೆಗೆ ಕೂತೇ ಇರುತ್ತಾರೆ. ಬೀದಿಯಲ್ಲಿ ಯಾರ ಹಸು ಹೋಯಿತು, ಯಾರ ಮಗ ಬಂದ ಎಂಬ ಲೆಕ್ಕವೆಲ್ಲ ಅವರ ಬಳಿ ಸಿಗುತ್ತದೆ. ಅಂಥ ಮನೆಯ ಮೊಮ್ಮಗಳ ಮೊಬೈಲಿನಲ್ಲಿ 2023ರ ಜುಲೈ ತಿಂಗಳ ಒಂದು ಮಧ್ಯಾಹ್ನ ಹೀಗೊಂದು ಸಾಲು ಮೂಡಿತು: ‘ಬಟವಾಡೆಗೆ ಪ್ರಯತ್ನಿಸಲಾಯಿತು. ಬಾಗಿಲು ಮುಚ್ಚಿತ್ತು.’

ಅಜ್ಜಿಗೆ ಅದನ್ನು ಓದಿ ಹೇಳಿದಾಗ ಅವರಿಗೆ ಬಂದ ಕೋಪ ಅಷ್ಟಿಷ್ಟಲ್ಲ. ‘ನಾನು ಇಲ್ಲಿ ಕಲ್ಲಿನ ಹಾಗೆ ಕೂತಿದೀನಿ, ಬಾಗಿಲು ಮುಚ್ಚಿತ್ತಂತೆ!’

ಬರಬೇಕಾಗಿದ್ದುದು ಮದುವೆಯ ಕರೆಯೋಲೆಯಲ್ಲ. ಬಿ.ಎಸ್‌ಸಿ. ಮುಗಿಸಿದ್ದ ಆ ಹುಡುಗಿಗೆ ಬೇರೊಂದು ವಿಶ್ವವಿದ್ಯಾಲಯದಲ್ಲಿ ಎಂ.ಎಸ್‌ಸಿ. ಸೀಟು ಸಿಕ್ಕಿತ್ತು. ಸೇರಬೇಕಾದರೆ ಮೊದಲು ಓದಿದ ವಿಶ್ವವಿದ್ಯಾಲಯದಿಂದ ಮೈಗ್ರೇಶನ್ ಸರ್ಟಿಫಿಕೇಟ್ ತರಿಸಬೇಕು. ಹಣ ಕಟ್ಟಿದ್ದಾಗಿತ್ತು, ಅರ್ಜಿ ತುಂಬಿದ್ದಾಗಿತ್ತು, ಅವರು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿಯೂ ಆಗಿತ್ತು. ಮೂಲಪ್ರತಿ ಒಪ್ಪಿಸಲು ಉಳಿದಿದ್ದುದು ಒಂಬತ್ತು ದಿನ.

ಮರುದಿನ ಹುಡುಗಿ ಮತ್ತು ಅವಳ ಅಪ್ಪ ಬಸ್ಸು ಹತ್ತಿ ಹೋಬಳಿಯ ಅಂಚೆ ಕಚೇರಿಗೆ ಹೋದರು. ಅಂಥ ಕೌಂಟರಿನ ಮುಂದೆ ಒಮ್ಮೆಯಾದರೂ ನಿಂತವರಿಗೆ ಮುಂದಿನದನ್ನು ವಿವರಿಸಿ ಹೇಳಬೇಕಾಗಿಲ್ಲ. ಮೊದಲು ‘ಸಿಸ್ಟಮ್ ಡೌನ್ ಇದೆ, ಕಾಯಿರಿ’ ಎಂದರು. ಸಿಸ್ಟಮ್ ಎದ್ದ ಮೇಲೆ ಊಟದ ಹೊತ್ತಾಯಿತು. ಊಟದ ನಂತರ ಗುಮಾಸ್ತರು ರಸೀದಿಯ ಸಂಖ್ಯೆಯನ್ನು ಕಂಪ್ಯೂಟರಿಗೆ ಹೊಡೆದು, ಪರದೆಯನ್ನು ಅರ್ಧ ತಿರುಗಿಸಿ, ‘ನೋಡಿ, ಬಾಗಿಲು ಮುಚ್ಚಿತ್ತು ಅಂತ ಇದೆಯಲ್ಲ? ಮನೆಯಲ್ಲಿ ಇರಬೇಕಿತ್ತು’ ಎಂದರು.

‘ಇದ್ದೆವು ಸಾರ್.’

‘ಹಾಗಾದರೆ ಪೋಸ್ಟ್‌ಮ್ಯಾನ್ ಸುಳ್ಳು ಹೇಳ್ತಾನಾ? ಬೇಕಾದರೆ ಮೇಲಿನ ಆಫೀಸಿಗೆ ಬರೆದುಕೊಡಿ.’

ಸಾಲಿನಲ್ಲಿ ಹಿಂದಿದ್ದವರು ಗೊಣಗಲು ಶುರುಮಾಡಿದ್ದರು. ಅಪ್ಪ ಕೈಮುಗಿದು ಹೊರಗೆ ಬಂದರು. ಹತ್ತಾರು ಎಕರೆಯವರ ಎದುರು ತಲೆ ಬಾಗದ ಮನುಷ್ಯ ಒಂದು ಕಿಟಕಿಯ ಎದುರು ಬಾಗಿದ್ದನ್ನು ಮಗಳು ಅಂದು ಮೊದಲ ಬಾರಿಗೆ ನೋಡಿದಳು.

ಊರಿನಲ್ಲಿ ಸಿಟ್ಟೆಲ್ಲ ಅಂಚೆಯಣ್ಣನ ಮೇಲೆ ತಿರುಗಿತು. ಆತ ಗ್ರಾಮೀಣ ಡಾಕ್ ಸೇವಕ. ದೇಶದಲ್ಲಿರುವ ಸುಮಾರು 1.65 ಲಕ್ಷ ಅಂಚೆ ಕಚೇರಿಗಳಲ್ಲಿ ಹತ್ತಕ್ಕೆ ಒಂಬತ್ತು ಹಳ್ಳಿಗಾಡಿನಲ್ಲಿವೆ. ಅವುಗಳಲ್ಲಿ ಬಹುಪಾಲನ್ನು ನಡೆಸುತ್ತಿರುವವರು ಈ ಸೇವಕರೇ. ಕಾಗದದ ಮೇಲೆ ಅವರ ಕೆಲಸ ದಿನಕ್ಕೆ ನಾಲ್ಕೈದು ಗಂಟೆ. ಪೂರ್ಣಾವಧಿ ಸರ್ಕಾರಿ ನೌಕರರಿಗೆ ಸಿಗುವ ಸಂಬಳ ಇವರಿಗಿಲ್ಲ. ಪತ್ರ ಹಂಚುವುದರ ಜೊತೆಗೆ ಉಳಿತಾಯ ಖಾತೆ, ವಿಮೆ, 2018ರಲ್ಲಿ ಆರಂಭವಾದ ಅಂಚೆ ಬ್ಯಾಂಕಿನ ವ್ಯವಹಾರ ಎಲ್ಲವೂ ಅದೇ ಚೀಲಕ್ಕೆ ಸೇರಿವೆ. ಇದನ್ನೆಲ್ಲ ಅಜ್ಜಿಗೆ ಹೇಳುವವರು ಯಾರು? ಮಾರನೆಯ ದಿನ ಆತ ಸೈಕಲ್ ಇಳಿಯುವ ಮೊದಲೇ ಅಜ್ಜಿ ಬೈಗುಳದ ಚೀಲ ಬಿಚ್ಚಿದರು.

ಆತ ಎಲ್ಲವನ್ನೂ ಕೇಳಿಸಿಕೊಂಡ. ಆಮೇಲೆ, ‘ಎಲ್ಲಿ ಮಗಾ, ಮೊಬೈಲು ತೋರಿಸು’ ಎಂದ. ಕನ್ನಡಕ ಏರಿಸಿ ನೋಡಿ, ‘ಈ ಪಕ್ಕದ ಕಾಲಂ ಓದಿದೆಯಾ? ಬಾಗಿಲು ಮುಚ್ಚಿತ್ತು ಅಂತ ಬರೆದಿರೋದು ನಮ್ಮ ಆಫೀಸಲ್ಲ ಕಣವ್ವ. ಇದು ಇನ್ನೊಂದು ತಾಲ್ಲೂಕಿನದು’ ಎಂದ.

ಎರಡು ದಿನಗಳಿಂದ ಕಣ್ಣೆದುರಿಗೇ ಇದ್ದ ಕಚೇರಿಯ ಹೆಸರನ್ನು ಹುಡುಗಿ ಓದಿರಲಿಲ್ಲ. ಅಪ್ಪ ಓದಿರಲಿಲ್ಲ. ದಿನವೂ ಅದೇ ಪರದೆಯನ್ನು ನೋಡುವ ಗುಮಾಸ್ತರೂ ಓದಿರಲಿಲ್ಲ.

ನಡೆದದ್ದು ಇಷ್ಟು. ಅವಳ ಊರಿನ ಹೆಸರು ಹೊಸಹಳ್ಳಿ. ಕರ್ನಾಟಕದಲ್ಲಿ ಹೊಸಹಳ್ಳಿಗಳಿಗೆ ಬರವೇ? ಹೀಗೆ ಒಂದೇ ಹೆಸರಿನ ಊರುಗಳ ಗೊಂದಲ ತಪ್ಪಲೆಂದೇ 1972ರ ಆಗಸ್ಟ್ 15ರಂದು ನಮ್ಮ ದೇಶದಲ್ಲಿ ಪಿನ್ ಕೋಡ್ ಜಾರಿಗೆ ಬಂತು. ಅದನ್ನು ರೂಪಿಸಿದವರು ಅಂಚೆ ಇಲಾಖೆಯ ಹಿರಿಯ ಅಧಿಕಾರಿಯಾಗಿದ್ದ ಶ್ರೀರಾಮ ಭಿಕಾಜಿ ವೇಲಣಕರ್. ಅವರು ಸಂಸ್ಕೃತ ಕವಿಯೂ ಹೌದು. ಆರು ಅಂಕಗಳಲ್ಲಿ ಮೊದಲನೆಯದು ವಲಯ. ನಮ್ಮದು 5, ಆಂಧ್ರ ಮತ್ತು ತೆಲಂಗಾಣದವರೂ ನಮ್ಮ ಜೊತೆಗಿದ್ದಾರೆ. ಎರಡನೆಯದು ಉಪವಲಯ, 56ರಿಂದ 59ರವರೆಗೆ ಕರ್ನಾಟಕ. ಮೂರನೆಯ ಅಂಕ ಪತ್ರಗಳನ್ನು ವಿಂಗಡಿಸುವ ಜಿಲ್ಲೆಯನ್ನು ತೋರಿಸುತ್ತದೆ. ಕೊನೆಯ ಮೂರು ಅಂಕಗಳು ಬಟವಾಡೆ ಮಾಡುವ ಕಚೇರಿಯನ್ನು ಸೂಚಿಸುತ್ತವೆ.

ಅಂದರೆ ಪಿನ್ ಕೋಡ್ ಎಂಬುದು ದಾರಿ ಹೇಳುವ ಕೈಮರ. ಆ ಲಕೋಟೆಯ ಕೈಮರ ನಾಲ್ಕನೆಯ ಮತ್ತು ಐದನೆಯ ಅಂಕದಲ್ಲಿ ತಿರುಗಿಕೊಂಡಿತ್ತು. ಎರಡೂ ಅದಲುಬದಲಾಗಿದ್ದವು. ಮೊದಲ ಮೂರು ಅಂಕ ಸರಿಯಾಗಿದ್ದುದರಿಂದ ಪತ್ರ ಜಿಲ್ಲೆಗೆ ಸರಿಯಾಗಿಯೇ ಬಂತು. ಅಲ್ಲಿಂದ ಬೇರೆ ತಾಲ್ಲೂಕಿನ ದಾರಿ ಹಿಡಿಯಿತು. ಅಲ್ಲಿಯೂ ಒಂದು ಹೊಸಹಳ್ಳಿ! ಆ ಊರಿನಲ್ಲಿ ಈ ಹೆಸರಿನವರು ಯಾರೂ ಇಲ್ಲ. ‘ಇಂಥವರು ಇಲ್ಲಿಲ್ಲ’ ಎಂದು ಬರೆದರೆ ವಿಚಾರಿಸಬೇಕಾಗುತ್ತದೆ. ‘ಬಾಗಿಲು ಮುಚ್ಚಿತ್ತು’ ಎಂದು ಒತ್ತಿಬಿಟ್ಟರೆ ಆ ದಿನದ ಮಟ್ಟಿಗೆ ಕೆಲಸ ಮುಗಿಯುತ್ತದೆ. ಇಲ್ಲದ ಮನೆಯ ಬಾಗಿಲು ಮುಚ್ಚಿದ್ದು ಹೀಗೆ.

ಇನ್ನೊಂದು ಮಾತನ್ನೂ ಹೇಳಬೇಕು. ಅಂಕಗಳನ್ನು ಅದಲುಬದಲು ಮಾಡಿದವರು ಯಾರು? ಹುಡುಗಿ ಆ ರಾತ್ರಿ ತನ್ನ ಅರ್ಜಿಯ ಪ್ರತಿಯನ್ನು ತೆಗೆದು ನೋಡಿದಳು. ತಪ್ಪು ಅವಳದೇ ಆಗಿತ್ತು. ಅವಸರದಲ್ಲಿ ಬೆರಳು ಹಿಂದುಮುಂದಾಗಿತ್ತು. ಅವಳು ಅದನ್ನು ಮುಚ್ಚಿಡಲಿಲ್ಲ. ಅಪ್ಪನಿಗೆ ತೋರಿಸಿದಳು. ಅಪ್ಪ ಬಯ್ಯಲಿಲ್ಲ. ‘ಊರು, ತಾಲ್ಲೂಕು, ಜಿಲ್ಲೆ ಎಲ್ಲ ಸರಿಯಾಗೇ ಬರೆದಿದೀಯಲ್ಲ. ದಾರಿಯಲ್ಲಿ ಅಷ್ಟು ಜನರ ಕೈ ದಾಟಿದೆ. ಒಬ್ಬರೂ ಓದಲಿಲ್ಲವಾ?’ ಎಂದರು.

ವಿದ್ಯಾರ್ಥಿಗಳು ಇಲ್ಲಿ ಒಂದು ವಿಷಯ ಗಮನಿಸಬಹುದು. ಆಧಾರ್ ಸಂಖ್ಯೆಯಲ್ಲಿ ಎರಡು ಪಕ್ಕದ ಅಂಕಗಳನ್ನು ಅದಲುಬದಲು ಮಾಡಿದರೆ ಕಂಪ್ಯೂಟರ್ ಕೂಡಲೇ ತಪ್ಪು ಹಿಡಿಯಬಲ್ಲದು. ಏಕೆಂದರೆ ಅದರ ಹನ್ನೆರಡನೆಯ ಅಂಕ ಉಳಿದ ಹನ್ನೊಂದರಿಂದ ಲೆಕ್ಕ ಹಾಕಿ ಬಂದದ್ದು. ಹೊಲದ ಅಂಚಿನಲ್ಲಿ ಕೂತ ಕಾವಲುಗಾರನಂತೆ ಅದು. ಪಿನ್ ಕೋಡಿನಲ್ಲಿ ಅಂಥ ಕಾವಲು ಅಂಕ ಇಲ್ಲ. ಆದ್ದರಿಂದ ತಪ್ಪಾದ ಪಿನ್ ಕೂಡ ಎಷ್ಟೋ ವೇಳೆ ಇನ್ನೊಂದು ಊರಿನ ಸರಿಯಾದ ಪಿನ್ ಆಗಿರುತ್ತದೆ. 2025ರಲ್ಲಿ ಅಂಚೆ ಇಲಾಖೆ, ಐಐಟಿ ಹೈದರಾಬಾದ್ ಮತ್ತು ಇಸ್ರೋದ ದೂರಸಂವೇದಿ ಕೇಂದ್ರದ ಜೊತೆ ಸೇರಿ, ‘ಡಿಜಿಪಿನ್’ ಎಂಬ ಹತ್ತು ಅಕ್ಷರ-ಅಂಕಗಳ ವಿಳಾಸವನ್ನು ಹೊರತಂದಿದೆ. ಅದು ದೇಶದ ನೆಲವನ್ನು ಸುಮಾರು ನಾಲ್ಕು ಮೀಟರ್ ಉದ್ದಗಲದ ಚೌಕಗಳಾಗಿ ಗುರುತಿಸುತ್ತದೆ. ಅಜ್ಜಿಯ ಜಗಲಿಗೇ ಒಂದು ಸಂಖ್ಯೆ! ಒಳ್ಳೆಯದೇ. ಆದರೆ ಬರೆಯುವವರು ಸರಿಯಾಗಿ ಬರೆಯಬೇಕು, ಓದಬೇಕಾದವರು ಓದಬೇಕು. ಈ ಎರಡು ಕೆಲಸಗಳನ್ನು ಯಾವ ಸಂಖ್ಯೆಯೂ ಮಾಡಿಕೊಡುವುದಿಲ್ಲ.

ಅಪ್ಪ ಎರಡು ಬಸ್ಸು ಬದಲಿಸಿ ಆ ಇನ್ನೊಂದು ಕಚೇರಿಗೆ ಹೋದರು. ಪಡೆಯುವವರು ಸಿಗದ ಪತ್ರವನ್ನು ಕೆಲವು ದಿನ ಇಟ್ಟುಕೊಂಡು ಕಳಿಸಿದವರಿಗೇ ಹಿಂತಿರುಗಿಸುವುದು ರೂಢಿ. ಪತ್ರ ಅಲ್ಲಿರಲಿಲ್ಲ, ಹಿಂದಿನ ದಿನವೇ ಹೊರಟಿತ್ತು. ‘ಒಂದು ದಿನ ಮುಂಚೆ ಬರಬೇಕಿತ್ತು’ ಎಂದರು ಅಲ್ಲಿಯವರು. ಮತ್ತೆ ವಿಶ್ವವಿದ್ಯಾಲಯಕ್ಕೆ ಓಡಾಟ ನಡೆಯಿತು. ಲಕೋಟೆ ಅಲ್ಲಿಗೆ ತಲುಪಿ, ಅದನ್ನು ಹುಡುಕಿ ಕೈಗೆ ಕೊಡುವ ಹೊತ್ತಿಗೆ ಕೊನೆಯ ದಿನ ಕಳೆದು ಮೂರು ದಿನಗಳಾಗಿದ್ದವು. ಸೀಟು ಕಾಯುವ ಪಟ್ಟಿಯಲ್ಲಿದ್ದ ಮತ್ತೊಬ್ಬರಿಗೆ ಹೋಗಿತ್ತು. ಹುಡುಗಿಯ ಒಂದು ವರ್ಷ ಕೈಬಿಟ್ಟಿತು.

ಪರಿಹಾರವೇನಾದರೂ ಉಂಟೆ? 1898ರ ಅಂಚೆ ಕಾಯಿದೆಯಲ್ಲಿ ಪತ್ರ ಕಳೆದರೂ, ತಡವಾದರೂ, ಬೇರೆಯವರಿಗೆ ಸೇರಿದರೂ, ತಾನಾಗಿ ಒಪ್ಪಿಕೊಂಡದ್ದನ್ನು ಬಿಟ್ಟು ಸರ್ಕಾರಕ್ಕೆ ಹೊಣೆಯಿಲ್ಲ ಎಂದಿತ್ತು. ಅದರ ಜಾಗದಲ್ಲಿ 2023ರ ಹೊಸ ಕಾಯಿದೆ 2024ರ ಜೂನ್ 18ರಿಂದ ಜಾರಿಗೆ ಬಂದಿದೆ. ನಿಯಮಗಳಲ್ಲಿ ಹೇಳಿದಷ್ಟೇ ಹೊಣೆ ಎಂಬ ಮಾತು ಅದರಲ್ಲಿಯೂ ಉಳಿದುಕೊಂಡಿದೆ. ದೂರು ಕೇಳಲು ಅಂಚೆ ಅದಾಲತ್ ಇದೆ. ದೂರು ಕೊಡಬೇಕಾದದ್ದೇ, ಕೊಡದಿದ್ದರೆ ತಪ್ಪು ನಡೆದ ದಾಖಲೆಯೂ ಉಳಿಯುವುದಿಲ್ಲ. ಆದರೆ ಕಳೆದ ವರ್ಷವನ್ನು ಕಟ್ಟಿಕೊಡುವ ಅದಾಲತ್ ಎಲ್ಲಿದೆ?

ಅಪ್ಪನಿಗೆ ಹಣ ಬೇಕಾಗಿರಲಿಲ್ಲ. ಮೂರು ಕಚೇರಿಗಳ ಕಿಟಕಿಗಳಲ್ಲಿ ಒಬ್ಬರಾದರೂ ‘ತಪ್ಪಾಯಿತು’ ಎಂದಿದ್ದರೆ ಅವರು ಅಷ್ಟಕ್ಕೇ ಸಮಾಧಾನಪಡುತ್ತಿದ್ದರು. ಆ ಮಾತು ಹೇಳಿದವನು ಒಬ್ಬನೇ, ಯಾವ ತಪ್ಪೂ ಮಾಡದ ಊರಿನ ಅಂಚೆಯಣ್ಣ. ‘ನಮ್ಮ ಇಲಾಖೆಯಿಂದ ನಿಮ್ಮ ಮಗಳಿಗೆ ಹಿಂಗಾಯ್ತು ಯಜಮಾನ್ರೇ, ತಪ್ಪಾಯ್ತು’ ಎಂದ. ಅಜ್ಜಿ ಏನೂ ಹೇಳದೆ ಒಳಗೆ ಹೋಗಿ ಒಂದು ಲೋಟ ಮಜ್ಜಿಗೆ ತಂದುಕೊಟ್ಟರು. ಬೈದದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವ ಕ್ರಮ ಅವರಿಗೆ ಗೊತ್ತಿದ್ದದ್ದು ಅದೊಂದೇ.

ಆ ವರ್ಷ ಹುಡುಗಿ ಊರಿನ ಮಕ್ಕಳಿಗೆ ಸಂಜೆ ಪಾಠ ಹೇಳಿದಳು. ಒಂದು ದಿನ ಎಲ್ಲರಿಗೂ ಐವತ್ತು ಪೈಸೆಯ ಕಾರ್ಡು ಹಂಚಿ, ‘ನಿಮ್ಮ ನಿಮ್ಮ ಮನೆಗೇ ಒಂದು ಪತ್ರ ಬರೆಯಿರಿ’ ಎಂದಳು. ರಜಾ ಕೋರಿ ಮುಖ್ಯೋಪಾಧ್ಯಾಯರಿಗೆ ಬರೆಯುವ ಪತ್ರ ಅವರಿಗೆ ಬಾಯಿಪಾಠವಾಗಿತ್ತು. ತಮ್ಮ ಮನೆಯ ವಿಳಾಸವನ್ನು ಪೂರ್ತಿಯಾಗಿ ಬರೆಯಬಲ್ಲವರು ಮಾತ್ರ ಕೆಲವರೇ. ಪಿನ್ ಕೋಡ್ ಗೊತ್ತಿದ್ದವರು ಇನ್ನೂ ಕಡಿಮೆ. ಎಲ್ಲರೂ ಬರೆದು, ಪಕ್ಕದವರದನ್ನು ತಾವು ಒಂದೊಂದೇ ಅಂಕ ಗಟ್ಟಿಯಾಗಿ ಓದಿ ಸರಿನೋಡಿದರು. ಕಾವಲು ಅಂಕ ಇಲ್ಲದ ಕಡೆ ಕಾವಲಿಗೆ ಇನ್ನೊಬ್ಬರ ಕಣ್ಣು! ಪಾಲಕರು ತಮ್ಮ ಮಕ್ಕಳಿಂದ ಇದನ್ನೊಮ್ಮೆ ಮನೆಯಲ್ಲಿ ಮಾಡಿಸಿ ನೋಡಬಹುದು. ಖರ್ಚು ಹೆಚ್ಚೇನೂ ಇಲ್ಲ.

ಕಾರ್ಡುಗಳನ್ನು ತಾಲ್ಲೂಕು ಕೇಂದ್ರದ ಪೆಟ್ಟಿಗೆಗೆ ಹಾಕಿದರು. ಮೂರನೆಯ ದಿನದಿಂದ ಅವು ಬರತೊಡಗಿದವು. ಅಂಚೆಯಣ್ಣ ಪ್ರತಿ ಮನೆಯ ಮುಂದೆ ನಿಂತು, ಬೇಕೆಂದೇ ದೊಡ್ಡ ದನಿಯಲ್ಲಿ ಆಯಾ ಮಗುವಿನ ಹೆಸರು ಕೂಗಿ ಕೊಟ್ಟ. ಒಂದು ಕಾರ್ಡು ಮಾತ್ರ ಬರಲೇ ಇಲ್ಲ. ಅದರ ವಿಳಾಸ ಸರಿಯಿತ್ತು, ಪಿನ್ ಸರಿಯಿತ್ತು. ಕಾರಣ ತಿಳಿಯಲಿಲ್ಲ. ಆ ಕಾರ್ಡು ಬರೆದ ಪುಟ್ಟ ಹುಡುಗ ವಾರಗಟ್ಟಲೆ ಸೈಕಲಿನ ಬೆಲ್ ಕೇಳಿದೊಡನೆ ಬೀದಿಗೆ ಓಡುತ್ತಿದ್ದ.

2024ರಲ್ಲಿ ಹುಡುಗಿ ಎಂ.ಎಸ್‌ಸಿ.ಗೆ ಸೇರಿದಳು, ಇನ್ನೂ ದೂರದ ಊರಿನಲ್ಲಿ. ಹೊರಡುವಾಗ ಸರ್ಟಿಫಿಕೇಟನ್ನು ಅವಳು ಚೀಲದಲ್ಲಿ ತಾನೇ ಇಟ್ಟುಕೊಂಡಳು. ಅದು ಬಂದಿದ್ದ ಲಕೋಟೆಯನ್ನು ಮಾತ್ರ ಅಪ್ಪ ಕೊಡಲಿಲ್ಲ. ಎರಡು ಹೊಸಹಳ್ಳಿಗಳ ನಡುವೆ ಅಲೆದು ಮೊಹರುಗಳಿಂದ ಮೈತುಂಬಿಕೊಂಡ ಆ ಲಕೋಟೆ ಇಂದಿಗೂ ಪಹಣಿ ಪತ್ರಗಳ ಜೊತೆಗೆ ಅವರ ಪೆಟ್ಟಿಗೆಯಲ್ಲಿದೆ.